ಒಲೆ ಹೊರಗೋ, ಹೊಟ್ಟೆಯೊಳಗೋ

ಡಿಸೆಂಬರ್ ಕೊನೆಯ ವಾರ. ಸೊಗಡಿನ ಅವರೆಕಾಯಿ ಬಂದಿತ್ತು. ಮಂಡ್ಯ ಕಡೆಯ ಒಂದು ಮನೆಯ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ನಾನು ಕಾಯಿ ಸುಲಿಯುತ್ತಿದ್ದೆ. ಎದುರಿಗೆ ಇಬ್ಬರು. ಒಬ್ಬರು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯೆಯ ಪಾಠ ಮಾಡಿ ನಿವೃತ್ತರಾದ ದೊಡ್ಡಮ್ಮ. ಇನ್ನೊಬ್ಬ ಕೆನಡಾದ ವಿನಿಪೆಗ್‌ನಿಂದ ರಜಕ್ಕೆ ಬಂದ ಅವರ ತಂಗಿಯ ಮಗ. ಬಂದು ನಾಲ್ಕು ದಿನವಾದರೂ ಹುಡುಗ ಮುದ್ದೆ ಮುರಿದಿರಲಿಲ್ಲ. ಅವತ್ತು ಬೆಳಿಗ್ಗೆ ಅಂಗಡಿಯಿಂದ ತಂದ ಕುರಿಮಾಂಸವನ್ನು ಹಸಿಯಾಗೇ ಕೊಡಿ ಅಂದಾಗ ಅವನ ತಾಯಿ ಅತ್ತೇಬಿಟ್ಟರು. ದೊಡ್ಡಮ್ಮನನ್ನು ಕರೆಸಿದ್ದು ಅದಕ್ಕೇ. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ದೊಡ್ಡಮ್ಮ: ಎಷ್ಟು ದಿನದಿಂದ ನಡೀತಿದೆ ಈ ವ್ರತ?

ಹುಡುಗ: ವ್ರತ ಅಲ್ಲ ದೊಡ್ಡಮ್ಮ. ಐದು ವಾರ ಆಯ್ತು. ಬೇಯಿಸಿದ್ದು ಬೇಡ, ಹಿಟ್ಟು ಬೇಡ, ಸಕ್ಕರೆ ಬೇಡ. ಶಕ್ತಿಯೆಲ್ಲ ಪ್ರಾಣಿಯ ಕೊಬ್ಬಿನಿಂದ. ಮನುಷ್ಯ ಹುಟ್ಟಿದಾಗ ಒಲೆ ಇತ್ತಾ?

ದೊಡ್ಡಮ್ಮ: ಪ್ಯಾಂಟೂ ಇರಲಿಲ್ಲ. ನಿನ್ನೆ ಏನೇನು ತಿಂದೆ, ಅದನ್ನ ಹೇಳು.

ಹುಡುಗ: ಬೆಳಿಗ್ಗೆ ಆರು ಹಸಿ ಮೊಟ್ಟೆ. ಮಧ್ಯಾಹ್ನ ಮಾಂಸ, ಒಂದು ಚೂರು ಈಲಿ. ರಾತ್ರಿ ಮತ್ತೆ ಮಾಂಸ.

ದೊಡ್ಡಮ್ಮ: ಅದರಲ್ಲಿದ್ದ ಕೊಬ್ಬು?

ಹುಡುಗ: ಮೊದಮೊದಲು ತಿಂದೆ. ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಳ್ತು, ವಾಕರಿಕೆ ಬಂತು. ಈಗ ಕತ್ತರಿಸಿ ಪಕ್ಕಕ್ಕಿಡ್ತೀನಿ.

ದೊಡ್ಡಮ್ಮ: ಸುಸ್ತು?

ಹುಡುಗ: ಇದೆ. ಎಷ್ಟು ತಿಂದ್ರೂ ಹೊಟ್ಟೆ ತುಂಬಿದ ಹಾಗಾಗಲ್ಲ. ದೇಹ ಒಗ್ಗಿಕೊಳ್ಳೋವರೆಗೆ ಹಾಗೇ ಅಂತಾರೆ.

ದೊಡ್ಡಮ್ಮ: ಐದು ವಾರಕ್ಕೂ ಒಗ್ಗಲಿಲ್ವಾ? ಮಗಾ, ನೀನು ಕೊಬ್ಬಿನ ಮೇಲೆ ಬದುಕ್ತಾ ಇಲ್ಲ. ಹಿಟ್ಟು ಬಿಟ್ಟೆ, ಕೊಬ್ಬು ಕತ್ತರಿಸಿ ಎಸೆದೆ, ಉಳಿದದ್ದು ಹೆಚ್ಚಾಗಿ ಪ್ರೋಟೀನೇ. ಸೌದೆ ಇಲ್ಲ ಅಂತ ಮನೆಯ ತೊಲೆ ಕಿತ್ತು ಒಲೆಗೆ ಇಟ್ಟ ಹಾಗಾಯ್ತು. ನೀನಿರೋ ದೇಶದ ಉತ್ತರದ ಕಾಡಿನವರಿಗೆ ಈ ಸಂಕಟ ಹಳೇದು. ಅದನ್ನ ‘ಮೊಲದ ಬರ’ ಅಂತಾರೆ. ಮೊಲದ ಮೈಯಲ್ಲಿ ಕೊಬ್ಬು ಇರೋದೇ ಇಲ್ಲ ಅನ್ನಬಹುದು. ಚಳಿಗಾಲದಲ್ಲಿ ಬೇರೇನೂ ಸಿಗದೆ ಬರೀ ಮೊಲ ತಿಂದವರಿಗೆ ವಾರದೊಳಗೆ ತಲೆನೋವು, ಭೇದಿ, ನಿಶ್ಶಕ್ತಿ. ಹೊಟ್ಟೆ ಬಿರಿಯೋ ಹಾಗೆ ತಿಂದ್ರೂ ಹಸಿವು ಹೋಗಲ್ಲ. ಪ್ರೋಟೀನಿನ ಸಾರಜನಕವನ್ನ ಯೂರಿಯಾ ಮಾಡಿ ಹೊರಗೆ ಹಾಕೋ ಕೆಲಸ ಈಲಿಯದು, ಅದಕ್ಕೊಂದು ಮಿತಿ ಇದೆ. ದಿನದ ಶಕ್ತಿಯಲ್ಲಿ ನೂರಕ್ಕೆ ಮೂವತ್ತೈದರ ಆಸುಪಾಸು ದಾಟಿದರೆ ದೇಹ ಕೈ ಎತ್ತುತ್ತೆ.

ಹುಡುಗ: ಹಾಗಾದ್ರೆ ನಾನು ಕೊಬ್ಬು ಜಾಸ್ತಿ ಮಾಡಿದ್ರೆ ಸರಿ ಹೋಗತ್ತೆ. ಸ್ಟೆಫಾನ್ಸನ್ ಬದುಕಿದ ಹಾಗೆ.

ದೊಡ್ಡಮ್ಮ: ಅವನ ಹೆಸರು ಬಂದೇ ಬರುತ್ತೆ ಅಂದ್ಕೊಂಡಿದ್ದೆ. ನೀನು ಹೇಳು ಅವನ ಕಥೆ.

ಹುಡುಗ: ವಿಲ್ಹಿಯಾಲ್ಮರ್ ಸ್ಟೆಫಾನ್ಸನ್. 1879ರಲ್ಲಿ ಹುಟ್ಟಿದ್ದು ನಮ್ಮ ಮ್ಯಾನಿಟೋಬಾದಲ್ಲೇ, ಆರ್ನೆಸ್ ಅನ್ನೋ ಊರು. ವಿನಿಪೆಗ್‌ನಿಂದ ನೂರು ಕಿಲೋಮೀಟರ್ ಇರಬಹುದು, ಅಷ್ಟೇ. ಐಸ್‌ಲ್ಯಾಂಡಿನಿಂದ ವಲಸೆ ಬಂದವರ ಮಗ. 1906ರಿಂದ ವರ್ಷಗಟ್ಟಲೆ ಉತ್ತರದ ಹಿಮಸೀಮೆಯ ಇನುಯಿಟ್ ಜನರ ಜೊತೆ ಇದ್ದು ಅವರು ತಿಂದದ್ದನ್ನೇ ತಿಂದ, ಮೀನು, ಸೀಲು, ಕ್ಯಾರಿಬೂ ಜಿಂಕೆ. ವಾಪಸ್ ಬಂದು ಹೇಳಿದಾಗ ಯಾವ ಡಾಕ್ಟರೂ ನಂಬಲಿಲ್ಲ. ಅದಕ್ಕೆ 1928ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಅವನೂ ಆ್ಯಂಡರ್ಸನ್ ಅನ್ನೋ ಅವನ ಸಂಗಡಿಗನೂ ಡಾಕ್ಟರುಗಳ ಕಣ್ಣೆದುರಿಗೇ ಮಾಂಸ ಒಂದನ್ನೇ ತಿನ್ನೋಕೆ ಶುರು ಮಾಡಿದ್ರು. ಒಂದು ವರ್ಷ! ವಿಟಮಿನ್ ಸಿ ಕೊರತೆಯ ಸ್ಕರ್ವಿ ಬರಲಿಲ್ಲ, ಮೂತ್ರಪಿಂಡ ಕೆಡಲಿಲ್ಲ.

ದೊಡ್ಡಮ್ಮ: ಎಲ್ಲ ನಿಜ. ಖರ್ಚು ಕೊಟ್ಟದ್ದು ಅಮೆರಿಕದ ಮಾಂಸ ವ್ಯಾಪಾರಿಗಳ ಸಂಘ ಅನ್ನೋದೂ ನಿಜ. ಆದರೂ ಪರೀಕ್ಷೆ ನಡೆಸಿದ ಡುಬಾಯ್ಸ್ ದೊಡ್ಡ ವಿಜ್ಞಾನಿ, ಲೆಕ್ಕ ಸುಳ್ಳು ಮಾಡೋ ಮನುಷ್ಯ ಅಲ್ಲ. ನೀನು ಬಿಟ್ಟದ್ದು ಎರಡು ಮಾತು. ಮೊದಲನೇದು, ಡಾಕ್ಟರುಗಳು ಬೇಕಂತಲೇ ಸ್ಟೆಫಾನ್ಸನ್‌ಗೆ ಆರಂಭದಲ್ಲಿ ಕೊಬ್ಬಿಲ್ಲದ ಮಾಂಸ ಕೊಟ್ಟರು. ಮೂರನೇ ದಿನಕ್ಕೇ ಅವನಿಗೆ ವಾಕರಿಕೆ, ಭೇದಿ. ಉತ್ತರದಲ್ಲಿ ಕೊಬ್ಬಿಲ್ಲದ ಮಾಂಸ ತಿಂದಾಗ ಅವನು ಪಟ್ಟ ಪಾಡೇ, ಇನ್ನೂ ಬೇಗ ಬಂತು. ಕೊಬ್ಬು ಸೇರಿಸಿದ ಮೇಲೆ ಸರಿಹೋಯ್ತು. ಆಮೇಲೆ ಅವರಿಬ್ಬರ ಶಕ್ತಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ ಎಂಬತ್ತು ಪಾಲು ಕೊಬ್ಬಿನದೇ. ದಿನಕ್ಕೆ ಇನ್ನೂರರಿಂದ ಮುನ್ನೂರು ಗ್ರಾಂ ಕೊಬ್ಬು ಮಗಾ! ನಿನಗೆ ಎರಡು ತುಣುಕಿಗೇ ವಾಕರಿಕೆ.

ಹುಡುಗ: ಎರಡನೇದು?

ದೊಡ್ಡಮ್ಮ: ಭೇದಿ ಕಟ್ಟಿದ್ದು ಯಾವ ಊಟದಿಂದ ಗೊತ್ತಾ? ಕೊಬ್ಬಿರೋ ದನದ ಮಾಂಸದ ಸ್ಟೇಕು, ಹಂದಿಕೊಬ್ಬಲ್ಲಿ ಹುರಿದ ಮಿದುಳು. ಹುರಿದದ್ದು. ಬೆಲ್ವ್ಯೂ ಆಸ್ಪತ್ರೆಯ ಮಾಂಸ ಹೆಚ್ಚಾಗಿ ಬೇಯಿಸಿದ್ದೇ. ಆ ಒಂದು ವರ್ಷ ತೋರಿಸಿಕೊಟ್ಟದ್ದು ಹಿಟ್ಟಿಲ್ಲದೆ ಬದುಕಬಹುದು ಅಂತ. ಬೆಂಕಿಯಿಲ್ಲದೆ ಬದುಕಬೇಕು ಅಂತಲ್ಲ. ನಿನಗೆ ಈ ವ್ರತ ಕಲಿಸಿದ ಜನ ಇವೆರಡನ್ನೂ ಒಂದೇ ಗಂಟಲ್ಲಿ ಕಟ್ಟಿಬಿಟ್ಟಿದ್ದಾರೆ.

(ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊರದಿಂದ ಒಂದು ಅವರೆಕಾಳು ತೆಗೆದು ಬಾಯಿಗೆ ಹಾಕಿಕೊಳ್ಳಲು ಹೋದ. ದೊಡ್ಡಮ್ಮ ಕೈಗೆ ಒಂದು ಏಟು ಕೊಟ್ಟರು. ಬಲಿತ ಅವರೆಯಲ್ಲಿ ಸಯನೈಡು ಹುಟ್ಟಿಸುವ ಅಂಶ ತುಸು ಇರುತ್ತದಂತೆ. ಬೇಯಿಸಿ ತಿನ್ನುವ ನಮಗೆ ಅದರ ಸುದ್ದಿಯೇ ಇಲ್ಲ.)

ಹುಡುಗ: ಸರಿ, ಹಸಿ ಮಾತು ಆಮೇಲೆ. ಕೊಬ್ಬು ಒಳ್ಳೆ ಇಂಧನ ಅನ್ನೋದನ್ನಾದರೂ ಒಪ್ತೀರಾ?

ದೊಡ್ಡಮ್ಮ: ಒಪ್ಪದೆ ಏನು? ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿ, ಹಿಟ್ಟಿಗೆ ನಾಲ್ಕು. ಮೈಯಲ್ಲಿ ಸಕ್ಕರೆಯನ್ನ ಗ್ಲೈಕೋಜನ್ ಅಂತ ಕೂಡಿಡೋದು ಹೆಚ್ಚೆಂದರೆ ಅರ್ಧ ಕೆಜಿ, ಎರಡು ಸಾವಿರ ಕ್ಯಾಲೊರಿ. ನಿನ್ನಂಥ ತೆಳ್ಳಗಿನವನ ಮೈಯಲ್ಲೂ ಹತ್ತು ಕೆಜಿ ಕೊಬ್ಬಿರುತ್ತೆ, ಅದು ಎಪ್ಪತ್ತೆಂಬತ್ತು ಸಾವಿರ. ಗ್ಲೈಕೋಜನ್ನು ಕೈಲಿರೋ ಚಿಲ್ಲರೆ, ಕೊಬ್ಬು ಜಮೀನು. ಮಿದುಳೊಂದು ಹಟಮಾರಿ, ದಿನಕ್ಕೆ ನೂರಿಪ್ಪತ್ತು ಗ್ರಾಂ ಗ್ಲೂಕೋಸ್ ಕೇಳುತ್ತೆ. ಹಿಟ್ಟು ನಿಂತರೆ ಈಲಿ ಕೊಬ್ಬಿನಿಂದ ಕೀಟೋನ್ ಮಾಡಿ ಕೊಡುತ್ತೆ. ಬಾಸ್ಟನ್ನಿನ ಕೇಹಿಲ್ ಮತ್ತು ಅವರ ಜೊತೆಯವರು 1967ರಲ್ಲಿ ತೋರಿಸಿದರು, ವಾರಗಟ್ಟಲೆ ಉಪವಾಸ ಇದ್ದವರ ಮಿದುಳು ಹೆಚ್ಚಾಗಿ ಕೀಟೋನಿನ ಮೇಲೇ ನಡೆಯುತ್ತೆ ಅಂತ. ಈಲಿ ಬರೀ ಕಸಾಯಿ ಅಂಗಡಿ ಮಾಲಲ್ಲ ಮಗಾ, ಅಡುಗೆಮನೆ.

ಹುಡುಗ: ಅದನ್ನೇ ನಾನು ಹೇಳೋದು. ಇನುಯಿಟ್ ಜನ ಹುಟ್ಟಿನಿಂದಲೇ ಕೀಟೋನಿನ ಮೇಲೆ ಬದುಕೋರು.

ದೊಡ್ಡಮ್ಮ: ತಮಾಷೆ ಇರೋದೇ ಅಲ್ಲಿ. ಕೂತ್ಕೋ, ಇದು ಸ್ವಲ್ಪ ಉದ್ದದ ಕಥೆ. 1908ರಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್, ಹೆಂಡತಿ ಮೇರಿ ಕ್ರೋಗ್, ಇಬ್ಬರೂ ಗ್ರೀನ್‌ಲ್ಯಾಂಡಿನ ಡಿಸ್ಕೊ ದ್ವೀಪಕ್ಕೆ ಹೋದರು. ಉಸಿರಾಟ ಅಳೆಯೋ ಒಂದು ಪೆಟ್ಟಿಗೆಕೋಣೆಯನ್ನೇ ಕಟ್ಟಿಕೊಂಡು, ಅಲ್ಲಿನವರನ್ನ ಅದರಲ್ಲಿ ಕೂರಿಸಿ, ಮಾಂಸ ತಿಂದ ದೇಹ ಏನು ಉರಿಸುತ್ತೆ ಅಂತ ಅಳೆದರು. ಆ ಕ್ರೋಗ್‌ಗೇ 1920ರಲ್ಲಿ ನೊಬೆಲ್ ಬಂತು. ಕ್ರೋಗ್ ದಂಪತಿ ಹಳೇ ದಾಖಲೆಗಳಿಂದ ಲೆಕ್ಕ ಹಾಕಿದ ಗ್ರೀನ್‌ಲ್ಯಾಂಡ್ ಊಟ ಕೇಳು. ದಿನಕ್ಕೆ ಪ್ರೋಟೀನು 280 ಗ್ರಾಂ, ಕೊಬ್ಬು 135, ಪಿಷ್ಟ-ಸಕ್ಕರೆ 54. ಆ ಐವತ್ನಾಲ್ಕರಲ್ಲಿ ಹೆಚ್ಚಿನದು ಮಾಂಸದೊಳಗಿನ ಗ್ಲೈಕೋಜನ್ನೇ.

ಹುಡುಗ: ಹಸಿ ಮಾಂಸದಲ್ಲಿ ಇರೋ ಗ್ಲೈಕೋಜನ್. ನನಗೂ ಸಿಗತ್ತಲ್ಲ.

ದೊಡ್ಡಮ್ಮ: ನಿನ್ನ ಅಂಗಡಿ ಮಾಂಸದಲ್ಲಿ ಎಲ್ಲಿದೆ? ಪ್ರಾಣಿ ಸತ್ತ ಮೇಲೆ ಸ್ನಾಯುವಿನ ಗ್ಲೈಕೋಜನ್ ಕರಗಿ ಲ್ಯಾಕ್ಟಿಕ್ ಆಮ್ಲ ಆಗುತ್ತೆ. ಕೊಯ್ದ ಗಳಿಗೆಯಲ್ಲೇ ಹಿಮದಲ್ಲಿ ಗಟ್ಟಿಯಾದ ಮಾಂಸ ಬೇರೆ, ಕೊಕ್ಕೆಗೆ ನೇತುಹಾಕಿದ್ದು ಬೇರೆ. ಈಗ ಮುಖ್ಯ ಮಾತು. 1928ರಲ್ಲಿ ಹೈನ್‌ಬೆಕರ್ ಅನ್ನೋ ಡಾಕ್ಟರು ಬ್ಯಾಫಿನ್ ದ್ವೀಪದ ಇನುಯಿಟರನ್ನ ಉಪವಾಸ ಇರಿಸಿ ನೋಡಿದಾಗ, ನಿರೀಕ್ಷೆ ಮಾಡಿದಷ್ಟು ಕೀಟೋನ್ ಬರಲೇ ಇಲ್ಲ. ಯಾಕೆ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಕೊಬ್ಬು ಉರಿಯೋದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ. ಅದರ ಬಾಗಿಲು ಕಾಯೋ ಕಿಣ್ವ ಸಿಪಿಟಿ1ಎ. ನಿಮ್ಮ ಕೆನಡಾದ ನುನಾವುಟ್ ಕಡೆಯ ಬಹುಪಾಲು ಇನುಯಿಟರಲ್ಲಿ ಆ ಕಿಣ್ವದ ವಂಶವಾಹಿ ಒಂದೇ ಒಂದು ಅಕ್ಷರ ಬೇರೆ. ಬಾಗಿಲು ಬೇರೆ ಲಯದಲ್ಲಿ ತೆಗೆಯುತ್ತೆ, ಈಲಿ ಕೀಟೋನ್ ಮಾಡೋದು ಕಡಿಮೆ. 2014ರಲ್ಲಿ ಸೈಬೀರಿಯಾದ ಈಶಾನ್ಯ ಮೂಲೆಯ ಜನರಲ್ಲೂ ಅದೇ ಸಿಕ್ಕಿತು, ನಿಸರ್ಗದ ಆಯ್ಕೆಯಲ್ಲಿ ಉಳಿದ ಗುರುತಿನ ಸಮೇತ. ಅಂದ್ರೆ ಸಾವಿರಾರು ವರ್ಷ ಕೊಬ್ಬು ತಿಂದ ಜನ ಕೀಟೋಸಿಸ್‌ಗೆ, ಅಂದ್ರೆ ಕೀಟೋನಿನ ಮೇಲೆ ನಡೆಯೋದಕ್ಕೆ, ಒಗ್ಗಿಕೊಂಡವರಲ್ಲ. ಅದರಿಂದ ಸ್ವಲ್ಪ ದೂರ ಸರಿದವರು.

ಹುಡುಗ: ಇದು ನನಗೆ ಯಾರೂ ಹೇಳಲಿಲ್ಲ.

ದೊಡ್ಡಮ್ಮ: ಫೋನಲ್ಲಿ ಹಸಿ ಈಲಿ ಕಚ್ಚಿ ತೋರಿಸೋನು ಹೇಳ್ತಾನಾ? ‘ಲಿವರ್ ಕಿಂಗ್’ ಅಂತ ಒಬ್ಬ ಇದ್ದನಲ್ಲ, 2022ರಲ್ಲಿ ತಾನೇ ಒಪ್ಕೊಂಡ, ಮೈಕಟ್ಟಿಗೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ತಿದ್ದೆ ಅಂತ. ಮತ್ತೆ ವಂಶವಾಹಿಯ ಆ ಬೇರೆ ಅಕ್ಷರಕ್ಕೂ ತೆರಬೇಕಾದ ಬೆಲೆ ಇದೆ. ಅದಿರೋ ಹಸುಗೂಸು ಹೊತ್ತು ಮೀರಿ ಹಸಿದರೆ ರಕ್ತದ ಸಕ್ಕರೆ ಇಳಿಯುತ್ತೆ, ಆಸರೆಗೆ ಕೀಟೋನೂ ಬರಲ್ಲ. ಪ್ರಾಣಕ್ಕೇ ಅಪಾಯ.

ಹುಡುಗ: ಅವರು ಹಸಿಯಾಗಿ ತಿಂತಿದ್ರು ಅನ್ನೋದಂತೂ ಸುಳ್ಳಲ್ಲವಲ್ಲ?

ದೊಡ್ಡಮ್ಮ: ಸುಳ್ಳಲ್ಲ. ಹಸಿ ತಿಂತಿದ್ರು, ಬೇಯಿಸೂ ತಿಂತಿದ್ರು. ಮರವೇ ಇಲ್ಲದ ಸೀಮೆ. ಸೌದೆ ಎಲ್ಲಿಂದ ತರೋದು? ಬಳಪದ ಕಲ್ಲಲ್ಲಿ ಕೊರೆದ ಕುಲ್ಲಿಕ್ ಅಂತ ಒಂದು ದೀಪ, ಅದಕ್ಕೆ ಸೀಲಿನ ಕೊಬ್ಬಿನ ಎಣ್ಣೆ, ಪಾಚಿಯ ಬತ್ತಿ. ಬೆಳಕೂ ಅದೇ, ಮನೆ ಬೆಚ್ಚಗಿಡೋದೂ ಅದೇ, ಹಿಮ ಕರಗಿಸಿ ಕುಡಿಯೋ ನೀರು ಮಾಡೋದೂ ಅದೇ, ಮಡಕೆ ತೂಗುಹಾಕಿ ಬೇಯಿಸೋದೂ ಅದೇ. ಹೊರಗೆ ಉರಿಸೋದಕ್ಕೂ ಒಳಗೆ ಉರಿಸೋದಕ್ಕೂ ಇದ್ದದ್ದು ಒಂದೇ ಎಣ್ಣೆ ಮಗಾ. ಮಾಂಸ ಹಸಿಯಾಗಿ ತಿಂದಷ್ಟೂ ದೀಪಕ್ಕೆ ಉಳಿತಾಯ.

ಹುಡುಗ: ಅಷ್ಟೇನಾ?

ದೊಡ್ಡಮ್ಮ: ಇನ್ನೊಂದಿದೆ. ಹಸಿ ಅನ್ನೋದು ಅವರಿಗೆ ಕೊಟ್ಟದ್ದು ಶಕ್ತಿ ಅಲ್ಲ, ವಿಟಮಿನ್ ಸಿ. ತಿಮಿಂಗಿಲದ ಚರ್ಮ ಕೊಬ್ಬಿನ ಸಮೇತ ತಿಂತಾರೆ, ಮಕ್ತಾಕ್ ಅಂತ. ಹಸಿಯಾಗಿದ್ದರೆ ನೂರು ಗ್ರಾಮಿಗೆ ಮೂವತ್ತಾರು ಮಿಲಿಗ್ರಾಂನಷ್ಟು ಸಿ. ಕಿತ್ತಲೆಗೆ ತೀರ ದೂರವಿಲ್ಲ. ಬೇಯಿಸಿದರೆ ಅದರ ಒಂದು ಪಾಲು ಹೋಗುತ್ತೆ. ನಿಂಬೆ, ನೆಲ್ಲಿ, ಸೀಬೆ ಸಿಗೋ ಊರಲ್ಲಿ ಕೂತವನಿಗೆ ಆ ಕಷ್ಟ ಏನು?

ಹುಡುಗ: ಕೊಬ್ಬು ಅವರಿಗೆ ಅಂಗುಳಕ್ಕೆ ಅಂಟಲ್ವಾ?

ದೊಡ್ಡಮ್ಮ: ಆಹಾ, ಇದು ಒಳ್ಳೆ ಪ್ರಶ್ನೆ. ಅಂಟಲ್ಲ! ತಣ್ಣೀರಲ್ಲಿ ಬದುಕೋ ಸೀಲಿನ ಕೊಬ್ಬು ಎಣ್ಣೆ ಹಾಗೆ ತೆಳುವು. ಗಟ್ಟಿಯಾದರೆ ಆ ಪ್ರಾಣಿಯೇ ಸೆಟೆದು ಹೋಗುತ್ತೆ. ಕ್ಯಾರಿಬೂ ಕಾಲನ್ನೇ ನೋಡು. ತೊಡೆಮೂಳೆಯ ಮಜ್ಜೆ ಗಟ್ಟಿ, ಹಿಮ ತುಳಿಯೋ ಗೊರಸಿನ ಹತ್ತಿರದ ಮಜ್ಜೆ ಮೆತ್ತಗೆ ಎಣ್ಣೆಯಂತಿರುತ್ತೆ. ನಮ್ಮ ಕುರಿಕೊಬ್ಬು ಕರಗೋದು ನಲವತ್ತೈದು ಡಿಗ್ರಿ ಸುಮಾರಿಗೆ. ನಿನ್ನ ಬಾಯಿ ಮೂವತ್ತೇಳು. ಮೇಣ ಆಗದೆ ಇನ್ನೇನಾಗುತ್ತೆ? ಅದಕ್ಕೇ ನಮ್ಮೋರು ಕುರಿಸಾರನ್ನ ಬಿಸಿಬಿಸಿ ಉಣ್ಣೋದು. ಆರಿದರೆ ತಟ್ಟೆ ಮೇಲೆ ಕಟ್ಟಿಕೊಳ್ಳೋ ಬಿಳಿ ಪದರ ನೀನು ಕಂಡಿಲ್ವಾ?

ಹುಡುಗ: ನಮ್ಮ ವಿನಿಪೆಗ್ ಕಡೆ ಕಾಡೆಮ್ಮೆ ಕೊಬ್ಬಿನ ಪೆಮಿಕನ್ ಇತ್ತು, ತುಪ್ಪಳದ ವ್ಯಾಪಾರದ ಕಾಲದ್ದು. ಅದು ಸೀಲಲ್ಲವಲ್ಲ.

ದೊಡ್ಡಮ್ಮ: ಅಲ್ಲ. ಹೇಗೆ ಮಾಡ್ತಿದ್ರು, ಗೊತ್ತಾ? ಮಾಂಸವನ್ನ ಹಾಳೆ ಹಾಗೆ ಸೀಳಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಸರಿಸುಮಾರು ಅಷ್ಟೇ ತೂಕದ ಕೊಬ್ಬು ಕಾಯಿಸಿ ಕರಗಿಸಿ ಹುಯ್ದು, ಚರ್ಮದ ಚೀಲದಲ್ಲಿ ತುಂಬಿ ಹೊಲಿಯೋದು. ಒಂದು ಚೀಲ ತೊಂಬತ್ತು ಪೌಂಡು, ವರ್ಷಗಟ್ಟಲೆ ಕೆಡಲ್ಲ. ದಿನವಿಡೀ ದೋಣಿ ಹುಟ್ಟು ಹಾಕೋ ಆಳುಗಳಿಗೆ ಅದೇ ಬುತ್ತಿ. 1814ರ ಜನವರಿಯಲ್ಲಿ ರೆಡ್ ರಿವರ್ ವಸಾಹತಿನ ಗವರ್ನರು ಮೈಲ್ಸ್ ಮ್ಯಾಕ್‌ಡೊನೆಲ್ ಪೆಮಿಕನ್ ಹೊರಗೆ ಸಾಗಿಸಬಾರದು ಅಂತ ಹುಕುಂ ಹೊರಡಿಸಿದ. ಬೇಟೆಯಾಡಿ ಅದನ್ನ ಮಾಡ್ತಿದ್ದ ಮೆಟಿ ಜನ ಸಿಟ್ಟಾದರು. ಎರಡು ವರ್ಷಕ್ಕೆ ಸೆವೆನ್ ಓಕ್ಸ್‌ನಲ್ಲಿ ಗುಂಡು ಹಾರಿ ಆಗಿನ ಗವರ್ನರು ಸೆಂಪಲ್ ಸೇರಿ ಇಪ್ಪತ್ತೆರಡು ಜನ ಸತ್ತರು.

ಹುಡುಗ: ಸೆವೆನ್ ಓಕ್ಸ್ ಈಗ ಊರೊಳಗೇ ಇದೆ. ಆ ಜಗಳ ಕೊಬ್ಬಿನ ಚೀಲಕ್ಕೆ ಅಂತ ಗೊತ್ತಿರಲಿಲ್ಲ.

ದೊಡ್ಡಮ್ಮ: ನನಗೆ ಬೇಕಾದ್ದು ಆ ಕಾಯಿಸಿದ ಕೊಬ್ಬು. ಕೊಬ್ಬಿನ ಬೆಲೆ ಬಲ್ಲ ಜನ ಅದನ್ನ ಒಲೆ ಮೇಲಿಟ್ಟರು, ನೀರು ಇಂಗಿ ಬಾಳಿಕೆ ಬರಲಿ ಅಂತ. ನಿಮ್ಮಜ್ಜಿ ಬೆಣ್ಣೆ ಕಾಯಿಸಿ ತುಪ್ಪ ಮಾಡ್ತಿದ್ದದ್ದೂ ಅದೇ ಲೆಕ್ಕ.

ಹುಡುಗ: ಬೇಯಿಸಿದರೆ ಕೊಬ್ಬಿನ ಶಕ್ತಿ ಹೋಗಲ್ವಾ?

ದೊಡ್ಡಮ್ಮ: ಹೋಗಲ್ಲ, ಕರಗಿ ಬಾಣಲೆಯಲ್ಲಿ ಉಳಿದದ್ದನ್ನ ಚೆಲ್ಲದಿದ್ದರೆ. ಹೆಚ್ಚಾಗೋದೂ ಅಷ್ಟಕ್ಕಷ್ಟೇ. ಪ್ರಾಣಿಯ ಕೊಬ್ಬಿನ ವಿಷಯದಲ್ಲಿ ಬೆಂಕಿ ಅಂಥ ಲಾಭವನ್ನೂ ಮಾಡಲ್ಲ, ನಷ್ಟವನ್ನೂ ಮಾಡಲ್ಲ. ಪ್ರೋಟೀನಿಗೆ ಲಾಭ. ಬೆಲ್ಜಿಯಮ್ಮಿನವರು 1998ರಲ್ಲಿ ಅಳೆದರು, ಬೇಯಿಸಿದ ಮೊಟ್ಟೆಯ ಪ್ರೋಟೀನು ನೂರಕ್ಕೆ ತೊಂಬತ್ತೊಂದು ಅರಗಿದರೆ ಹಸಿಯದು ಐವತ್ತೊಂದು. ನಿನ್ನ ಆರು ಮೊಟ್ಟೆಯಲ್ಲಿ ನಿನಗೆ ದಕ್ಕೋದು ಮೂರರದು. ಹಿಟ್ಟಿಗೆ ಬಂದರೆ ಬೆಂಕಿಯೇ ಎಲ್ಲ. ಹಸಿ ರಾಗಿ ಹಿಟ್ಟು ಮುಕ್ಕಿ ನೋಡು. ಪಿಷ್ಟದ ಕಣ ಗಟ್ಟಿ ಗಂಟು. ಬಿಸಿನೀರಲ್ಲಿ ಊದಿ ಬಿರಿದರೇ ನಮ್ಮ ಕಿಣ್ವಕ್ಕೆ ಒಳಗೆ ಹೋಗೋಕೆ ದಾರಿ. ಅವಲಕ್ಕಿ ಹಸಿಯಾಗಿ ತಿಂತೀವಿ ಅಂತಾರೆ. ಕುಟ್ಟೋಕೆ ಮುಂಚೆ ಭತ್ತ ಬಿಸಿನೀರೂ ಕಂಡಿರುತ್ತೆ, ಬಾಣಲೆಯನ್ನೂ ಕಂಡಿರುತ್ತೆ. ಹುರಿಹಿಟ್ಟಂತೂ ಹೆಸರಲ್ಲೇ ಹೇಳುತ್ತೆ. ನಮ್ಮದು ಹೊಟ್ಟೆಯ ಅರ್ಧ ಕೆಲಸವನ್ನ ಒಲೆಗೆ ಒಪ್ಪಿಸಿದ ಊಟ ಕಣಪ್ಪ. ಹಸಿಯಾಗಿಯೇ ತಿನ್ನಬೇಕು ಅಂತ ಹಟ ಹಿಡಿದವನಿಗೆ ಉಳಿಯೋ ಇಂಧನ ಎರಡೇ, ಒಂದು ಹಣ್ಣು ಜೇನಿನ ಸಕ್ಕರೆ, ಇನ್ನೊಂದು ಕೊಬ್ಬು. ನಿನಗೆ ಕೊಬ್ಬು ಅನ್ನೋ ಆಯ್ಕೆ ಬಂದದ್ದೇ ಹಾಗೆ.

ಹುಡುಗ: ಹಣ್ಣು ತರಕಾರಿ ಹಸಿಯಾಗಿ ತಿನ್ನೋರು ಚೆನ್ನಾಗೇ ಇದ್ದಾರಲ್ಲ?

ದೊಡ್ಡಮ್ಮ: ಜರ್ಮನಿಯ ಗೀಸೆನ್‌ನಲ್ಲಿ ಅಂಥ 513 ಜನರನ್ನ ನೋಡಿ 1999ರಲ್ಲಿ ಬರೆದರು, ಹೆಚ್ಚಾಗಿ ಸಸ್ಯಾಹಾರವೇ. ಹೆಂಗಸರಲ್ಲಿ ಕಾಲುಭಾಗ ತೂಕ ತೀರಾ ಕಡಿಮೆಯವರು. ನಲವತ್ತೈದು ತುಂಬದವರಲ್ಲಿ ನೂರಕ್ಕೆ ಮೂವತ್ತು ಜನಕ್ಕೆ ಮುಟ್ಟು ತಪ್ಪಿತ್ತು, ಇಲ್ಲವೇ ನಿಂತೇ ಹೋಗಿತ್ತು. ಬೇಕಾದ ತರಕಾರಿ ಸಿಗೋ ದೇಶದಲ್ಲಿ! ಬಸುರಿ ಆಗೋಕೆ ಸಾಲುವಷ್ಟು ಶಕ್ತಿ ಇಲ್ಲ ಅಂತ ಮೈ ಹೇಳಿದ ರೀತಿ ಅದು.

ಹುಡುಗ: ನಾನು ಮ್ಯಾರಥಾನಿಗೆ ತಯಾರಿ ಮಾಡ್ತಿದ್ದೆ. ಕೊಬ್ಬಿನಲ್ಲಿ ಓಡೋಕೆ ಆಗಲ್ವಾ?

ದೊಡ್ಡಮ್ಮ: ಆಗುತ್ತೆ, ನಿಧಾನಕ್ಕೆ. 1983ರಲ್ಲಿ ಫಿನ್ನಿ ಅನ್ನೋರು ಐದು ಜನ ಸೈಕಲ್ ಸವಾರರಿಗೆ ನಾಲ್ಕು ವಾರ ಹಿಟ್ಟು ನಿಲ್ಲಿಸಿದರು. ಹದವಾದ ವೇಗದಲ್ಲಿ ಸುಸ್ತಾಗೋಕೆ ಮೊದಲು 147 ನಿಮಿಷ, ಆಮೇಲೆ 151. ಹೆಚ್ಚುಕಡಿಮೆ ಒಂದೇ. ವೇಗ ಏರಿಸಿದರೆ ಕಥೆ ಬೇರೆ. ಒಂದು ಲೀಟರ್ ಆಮ್ಲಜನಕಕ್ಕೆ ಸಕ್ಕರೆ ಐದು ಕ್ಯಾಲೊರಿ ಕೊಟ್ಟರೆ ಕೊಬ್ಬು 4.7. ಉಸಿರು ಕಟ್ಟಿ ಓಡುವಾಗ ಆ ವ್ಯತ್ಯಾಸವೇ ಸೋಲು ಗೆಲುವು. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಒಲಿಂಪಿಕ್ ಮಟ್ಟದ ನಡಿಗೆಗಾರರ ಮೇಲೆ ಪರೀಕ್ಷಿಸಿ 2017ರಲ್ಲಿ ಬರೆದದ್ದೂ ಅದನ್ನೇ. ಹಿಟ್ಟು ತಿಂದವರ ಹತ್ತು ಕಿಲೋಮೀಟರ್ ಸಮಯ ಸುಧಾರಿಸಿತು, ಕೊಬ್ಬಿನವರದು ಇಲ್ಲ. ಹಿಮದ ಮೇಲೆ ನಾಯಿಬಂಡಿ ಜೊತೆ ಇಡೀ ದಿನ ನಡೆಯೋನಿಗೆ ಕೊಬ್ಬು ಸರಿ. ನಿನ್ನ ಮ್ಯಾರಥಾನಿಗೆ ಮುದ್ದೆ.

ಹುಡುಗ: ಅಮ್ಮನ ಪರ ವಕಾಲತ್ತು.

ದೊಡ್ಡಮ್ಮ: ಅಮ್ಮನೂ ಅಲ್ಲ, ಮುದ್ದೆಯೂ ಅಲ್ಲ. ಕೊಬ್ಬು ಬೇಕಾ, ತಿನ್ನು, ಹಿಟ್ಟು ಕಡಿಮೆ ಮಾಡು, ನಾನು ಬೇಡ ಅನ್ನಲ್ಲ. ಬಿಸಿ ಸಾರಲ್ಲಿ ತಿನ್ನು. ಹಸಿ ಅನ್ನೋದನ್ನ ಮಾತ್ರ ಬಿಡು. ಉತ್ತರದವರೇ ಈಗ ಹಾಗೆ ಕಣ್ಣು ಮುಚ್ಚಿ ತಿನ್ನಲ್ಲ. ಟ್ರಿಕಿನೆಲ್ಲಾ ಅಂತ ಒಂದು ಹುಳು, ಅಲ್ಲಿನ ತಳಿ ಹಿಮಕ್ಕೂ ಸಾಯಲ್ಲ. ಕ್ವಿಬೆಕ್ಕಿನ ನುನಾವಿಕ್‌ನಲ್ಲಿ ವಾಲ್ರಸ್ ಹೊಡೆದರೆ ಅದರ ನಾಲಿಗೆ ಪ್ರಯೋಗಾಲಯಕ್ಕೆ ಹೋಗುತ್ತೆ, ಹುಳು ಇಲ್ಲ ಅಂತ ವರದಿ ಬಂದ ಮೇಲೇ ಊರಿಗೆ ಹಂಚೋದು. ನಿನ್ನ ಅಂಗಡಿಯವನು ಯಾವ ನಾಲಿಗೆ ಕಳಿಸಿದ್ದ?

ಹುಡುಗ: (ನಗುತ್ತಾ) ಕುರಿಯಲ್ಲಿ ಅದು ಇರಲ್ಲ ಅಂತ ಓದಿದ್ದೆ.

ದೊಡ್ಡಮ್ಮ: ಅದಿರಲ್ಲ, ಟಾಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ. ಜಂತುಹುಳದ ಮಾತ್ರೆಗೆ ಇವೆರಡೂ ಬಗ್ಗಲ್ಲ. ನಾಳೆ ಬೆಳಿಗ್ಗೆ ಏನೂ ತಿನ್ನದೆ ಹೋಗಿ ರಕ್ತ ಕೊಟ್ಟು ಬಾ. ಯೂರಿಯಾ, ಈಲಿಯ ಪರೀಕ್ಷೆ, ಟಾಕ್ಸೊಪ್ಲಾಸ್ಮಾ, ಮೂರೂ ಚೀಟಿಯಲ್ಲಿ ಬರೆದು ಕೊಡ್ತೀನಿ. ಭೇದಿ ಇದ್ದರೆ ಮಲವನ್ನೂ ಕೊಡು. ಲ್ಯಾಬು ಏಳಕ್ಕೆ ತೆಗೆಯುತ್ತೆ.